ಕೆರೆಯಂಚಿನ ಇಳಿಜಾರಿನಲ್ಲಿ ಮನೆ: ಕಣ್ಣ ಮುಂದಿನ ನೀರಿಗಿಂತ ಬೆನ್ನ ಹಿಂದಿನ ನೀರು ಮೊದಲು

ಕೆರೆಯತ್ತ ಇಳಿಯುವ ನಿವೇಶನ ಕೈಗೆ ಬಂದವರು ಸಾಮಾನ್ಯವಾಗಿ ಗಾಜಿನಿಂದ ಶುರುಮಾಡುತ್ತಾರೆ. ಎಷ್ಟು ಅಗಲದ ಕಿಟಕಿ, ಎಷ್ಟು ಉದ್ದದ ಬಾಲ್ಕನಿ, ಯಾವ ಕೋಣೆಯಿಂದ ನೀರು ಕಾಣಬೇಕು ಎಂಬುದರ ಸುತ್ತಲೇ ನಕ್ಷೆ ಬೆಳೆಯುತ್ತದೆ. ಇಂಥ ಮನೆಗಳು ಕೆಡುವುದು ಮಾತ್ರ ಹಿಂಬದಿಯಿಂದ. ದಿಬ್ಬದ ಮೇಲೆ ಬಿದ್ದ ಮಳೆ ಮಣ್ಣೊಳಗೆ ಇಳಿದು ಕೆರೆಯ ಕಡೆಗೆ ಹೊರಡುತ್ತದೆ, ದಾರಿಯಲ್ಲಿ ಮನೆಯ ಹಿಂಗೋಡೆ ಅಡ್ಡ ಸಿಗುತ್ತದೆ. ಆ ನೀರಿಗೆ ದಾರಿ ಬಿಡದೆ ಕಟ್ಟಿದರೆ ಗೋಡೆ ಒಸರುತ್ತದೆ, ಬಣ್ಣ ಉಬ್ಬುತ್ತದೆ, ಕೆಲವೊಮ್ಮೆ ಗೋಡೆಯೇ ವಾಲುತ್ತದೆ. ಆದ್ದರಿಂದ ಇಲ್ಲಿನ ಕ್ರಮ ತಿರುಗುಮುರುಗು: ಮೊದಲು ನೀರಿನ ದಾರಿ, ಆಮೇಲೆ ಪಾಯ, ಆಮೇಲೆ ಕೋಣೆ, ಕೊನೆಗೆ ಕಿಟಕಿ.

ಕೆಳಗಿನ ಅಳತೆಗಳು ನಕ್ಷೆಯನ್ನು ಪರಿಶೀಲಿಸಲು, ಎಂಜಿನಿಯರ್ ಎದುರು ಕೂತು ಸರಿಯಾದ ಪ್ರಶ್ನೆ ಕೇಳಲು. ತಡೆಗೋಡೆ ಮತ್ತು ಪಾಯದ ಅಂತಿಮ ಲೆಕ್ಕ ಆ ನಿವೇಶನದ ಮಣ್ಣಿನ ವರದಿಯ ಮೇಲೆಯೇ ನಿಲ್ಲಬೇಕು.

ನೆಲವನ್ನು ಓದುವುದು

ಮೊದಲ ಕಾಗದ ಕಾಂಟೂರ್ ಸರ್ವೆ, ಎಂದರೆ ಒಂದೇ ಎತ್ತರದ ಬಿಂದುಗಳನ್ನು ಸೇರಿಸುವ ರೇಖೆಗಳ ನಕ್ಷೆ. ಮನೆ ಕೂರುವ ಜಾಗದಲ್ಲಿ 25 ಸೆಂ.ಮೀ. ಎತ್ತರಕ್ಕೊಂದರಂತೆ ರೇಖೆಗಳು, ಉಳಿದೆಡೆ 50 ಸೆಂ.ಮೀ. ಸಾಕು, ಪ್ರಮಾಣ 1:100. ಮರಗಳ ಸ್ಥಾನ ಮತ್ತು ಬುಡದ ಮಟ್ಟ, ಬಂಡೆಗಳು, ಒರತೆ ಏಳುವ ಜಾಗ, ಮಳೆನೀರು ಕೊರೆದ ಕೊರಕಲು, ಸರ್ವೆಯ ದಿನ ಕೆರೆಯ ನೀರಿನ ಮಟ್ಟ ಇವೆಲ್ಲ ಅದರಲ್ಲಿರಲಿ. ಮೇಲ್ಗಡೆಯ ಗಡಿಯಾಚೆಗೂ 10–15 ಮೀಟರ್ ಅಳೆಸಿ. ಬಹಳ ಸರ್ವೆಗಳು ಗಡಿಗೆ ನಿಂತುಬಿಡುತ್ತವೆ. ನೀರು ಗಡಿಕಲ್ಲು ನೋಡಿ ಹರಿಯುವುದಿಲ್ಲ.

ಇಳಿಜಾರಿನ ಪ್ರಮಾಣವೇ ಮನೆಯ ಜಾತಿಯನ್ನು ಹೇಳುತ್ತದೆ. 10 ಮೀಟರ್ ಹೋದಾಗ 1 ಮೀಟರ್ ಇಳಿದರೆ 1:10. ಅಷ್ಟರವರೆಗೆ ಸ್ವಲ್ಪ ಕಡಿದು ಸ್ವಲ್ಪ ತುಂಬಿ ಒಂದೇ ಮಟ್ಟದ ಮನೆ ಸಾಧ್ಯ. 1:10ರಿಂದ 1:5ರವರೆಗೆ, ಎಂದರೆ ಸುಮಾರು 11 ಡಿಗ್ರಿವರೆಗೆ, ಅರ್ಧ ಅರ್ಧ ಅಂತಸ್ತು ಇಳಿಯುವ ಸ್ಪ್ಲಿಟ್ ಲೆವೆಲ್ ಮನೆ ಸಹಜವಾಗಿ ಕೂರುತ್ತದೆ. 1:5ರಿಂದ 1:3ರವರೆಗೆ ಹಿಂಭಾಗ ಮಣ್ಣೊಳಗೂ ಮುಂಭಾಗ ಬಯಲಿಗೂ ಇರುವ ಕೆಳ ಅಂತಸ್ತು ಬೇಕಾಗುತ್ತದೆ. 1:3ಕ್ಕಿಂತ ಕಡಿದಾದರೆ, ಎಂದರೆ 18 ಡಿಗ್ರಿ ದಾಟಿದರೆ, ನೆಲವನ್ನು ಕಡಿಯುವ ಯೋಚನೆ ಬಿಟ್ಟು ಕಂಬಗಳ ಮೇಲೆ ನಿಲ್ಲುವುದೇ ಮೇಲು.

ದಿಬ್ಬ ನಿಧಾನವಾಗಿ ಜಾರುತ್ತಿದ್ದರೆ ಅದು ಬರಿಗಣ್ಣಿಗೂ ಗೊತ್ತಾಗುತ್ತದೆ. ಮರದ ಕಾಂಡ ಬುಡದಲ್ಲಿ ಕೆಳಮುಖವಾಗಿ ಬಾಗಿ ಆಮೇಲೆ ನೆಟ್ಟಗಾಗಿರುತ್ತದೆ, ಬೇಲಿಗೂಟಗಳು ಒಂದೇ ದಿಕ್ಕಿಗೆ ವಾಲಿರುತ್ತವೆ, ಮೇಲ್ಗಡೆ ಬಿಲ್ಲಿನಾಕಾರದ ಬಿರುಕು, ಕೆಳಗೆ ಉಬ್ಬಿದ ನೆಲ, ಬೇಸಿಗೆಯಲ್ಲೂ ಹಸಿರಾಗಿರುವ ಜೌಗು ಪಟ್ಟಿ. ಇವುಗಳಲ್ಲಿ ಎರಡು ಕಂಡರೂ ಕೊಳ್ಳುವ ಮುಂಚೆಯೇ ಮಣ್ಣಿನ ಸ್ಥಿರತೆ ಪರೀಕ್ಷಿಸುವ ಭೂತಾಂತ್ರಿಕ ತಜ್ಞರನ್ನು ಕರೆಸಿ. ಶಾಶ್ವತ ಇಳಿಜಾರಿಗೆ ಸುರಕ್ಷತಾ ಅಂಶ 1.5 ಇರಬೇಕು, ಎಂದರೆ ದಿಬ್ಬವನ್ನು ಹಿಡಿದಿಡುವ ಬಲ ಜಾರಿಸುವ ಬಲದ ಒಂದೂವರೆ ಪಟ್ಟಿರಬೇಕು ಎಂಬುದು ಸಾಮಾನ್ಯ ರೂಢಿ; ವರದಿಯಲ್ಲಿ ಆ ಅಂಕಿಯನ್ನು ಹುಡುಕಿ.

ಮಣ್ಣಿನ ಪರೀಕ್ಷೆಗೆ ಕೊರೆಯುವ ಬೋರ್‌ಹೋಲ್ ಕನಿಷ್ಠ ಎರಡು ಬೇಕು, ಒಂದು ಮನೆಯ ಮೇಲಂಚಿನಲ್ಲಿ, ಇನ್ನೊಂದು ಕೆಳಂಚಿನಲ್ಲಿ. ಒಂದೇ ನಿವೇಶನದಲ್ಲಿ ಮೇಲೆ ಗಟ್ಟಿ ಮಣ್ಣೂ ಕೆಳಗೆ ಹಳೆಯ ಕೆರೆಯ ಮೆತ್ತನೆ ಹೂಳೂ ಸಿಗುವುದುಂಟು. ಒಂದೇ ಕಡೆ ಕೊರೆದು ಇಡೀ ಮನೆಗೆ ಲೆಕ್ಕ ಹಾಕಿದರೆ ಕೆಳಭಾಗ ಕುಸಿದು ನಡುವೆ ಬಿರುಕು ಬರುತ್ತದೆ. ಕೊರೆದ ರಂಧ್ರವನ್ನು ಮುಚ್ಚಿಸಬೇಡಿ. ತೂತುಗಳಿರುವ ಪೈಪು ಇಳಿಸಿ ಒಂದು ಮಳೆಗಾಲ ಬಿಡಿ, ವಾರಕ್ಕೊಮ್ಮೆ ನೀರಿನ ಮಟ್ಟ ಅಳೆದು ಬರೆದಿಡಿ. ಹಿಂಗೋಡೆಯ ಲೆಕ್ಕಕ್ಕೆ ಇದಕ್ಕಿಂತ ಬೆಲೆಬಾಳುವ ಮಾಹಿತಿ ಇನ್ನೊಂದಿಲ್ಲ.

ಅಣೆಕಟ್ಟೆಯ ಹಿನ್ನೀರಿನ ದಡದಲ್ಲಿ ಇನ್ನೊಂದು ಅಪಾಯವಿದೆ. ನೀರು ತುಂಬಿದ್ದಾಗ ದಡದ ಮಣ್ಣೂ ತೊಯ್ದು ಭಾರವಾಗಿರುತ್ತದೆ, ಆದರೆ ಹೊರಗಿನ ನೀರೇ ಅದಕ್ಕೆ ಒತ್ತಾಸೆ. ಗೇಟು ತೆಗೆದು ಕೆಲವೇ ದಿನಗಳಲ್ಲಿ ನೀರು ಇಳಿಸಿದರೆ ಒತ್ತಾಸೆ ಹೋಗುತ್ತದೆ, ಮಣ್ಣೊಳಗಿನ ನೀರು ಮಾತ್ರ ಅಷ್ಟು ಬೇಗ ಬಸಿಯುವುದಿಲ್ಲ. ದಡ ಜಾರುವುದು ಆಗಲೇ, ಮಳೆಯಿಲ್ಲದ ತಿಳಿ ದಿನದಲ್ಲಿ. ಜೇಡಿಮಣ್ಣಿನ ದಡದಲ್ಲಿ ಇದು ಹೆಚ್ಚು. ಸ್ಥಿರತೆಯ ಲೆಕ್ಕದಲ್ಲಿ ಈ ಸಂದರ್ಭವನ್ನು ಬೇರೆಯಾಗಿ ನೋಡಿದ್ದಾರೆಯೇ ಎಂದು ಕೇಳಿ.

ಎಷ್ಟು ಎತ್ತರದಲ್ಲಿ ಕೂರಬೇಕು

ದಡದಿಂದ ಎಷ್ಟು ದೂರ ಬಿಡಬೇಕೆಂಬುದನ್ನು ಸ್ಥಳೀಯ ನಿಯಮ ಹೇಳುತ್ತದೆ; ಅದನ್ನು ಬರಹದಲ್ಲಿ ಪಡೆದ ಮೇಲೆಯೇ ಪೆನ್ಸಿಲ್ ಹಿಡಿಯಿರಿ. ಎತ್ತರದ ವಿಷಯದಲ್ಲಿ ಮಾತ್ರ ನಿಯಮದ ಕನಿಷ್ಠಕ್ಕೆ ತೃಪ್ತರಾಗಬೇಡಿ. ನೂರು ವರ್ಷಕ್ಕೊಮ್ಮೆ ಬರುವ ನೆರೆ ಎಂದರೆ ಪ್ರತಿ ವರ್ಷವೂ ಶೇ. 1ರಷ್ಟು ಸಾಧ್ಯತೆ. ಮೂವತ್ತು ವರ್ಷ ಅಲ್ಲಿ ಬಾಳಿದರೆ ಒಮ್ಮೆಯಾದರೂ ಅದನ್ನು ಕಾಣುವ ಸಾಧ್ಯತೆ ಶೇ. 26. ಆ ಮಟ್ಟದ ಮೇಲೆ ಅಲೆ ಏರುವ ಎತ್ತರವನ್ನೂ ಕನಿಷ್ಠ 60 ಸೆಂ.ಮೀ. ಹೆಚ್ಚುವರಿಯನ್ನೂ ಸೇರಿಸಿ ಕೆಳ ಅಂತಸ್ತಿನ ನೆಲ ನಿಗದಿ ಮಾಡಿ. ಎದುರಿಗೆ ಕೆಲವು ಕಿಲೋಮೀಟರ್ ತೆರೆದ ನೀರಿದ್ದು ಗಾಳಿ ನೇರವಾಗಿ ನಿಮ್ಮ ದಡಕ್ಕೆ ಬೀಸುವಂತಿದ್ದರೆ ಅಲೆಯ ಲೆಕ್ಕವನ್ನು ಅಂದಾಜಿಗೆ ಬಿಡಬೇಡಿ.

ಅಮೆರಿಕದ ಇಲಿನಾಯ್‌ನಲ್ಲಿ ಫಾಕ್ಸ್ ನದಿಯ ದಡದಲ್ಲಿರುವ ಫಾರ್ನ್ಸ್‌ವರ್ತ್ ಹೌಸ್ ಇದಕ್ಕೆ ದೊಡ್ಡ ಪಾಠ. ವಾಸ್ತುಶಿಲ್ಪಿ ಮೀಸ್ ವಾನ್ ಡೆರ್ ರೋಹೆ ಅದನ್ನು ನೆರೆಗೆಂದೇ ನೆಲದಿಂದ ಸುಮಾರು 1.6 ಮೀಟರ್ ಎತ್ತರಿಸಿದ್ದರು. 1951ರಲ್ಲಿ ಮುಗಿದ ಮನೆಯೊಳಗೆ 1954ರಲ್ಲೇ ನೀರು ನುಗ್ಗಿತು, 1996ರಲ್ಲಿ ಮತ್ತೆ. ಹಿಂದಿನ ಗುರುತು ನೋಡಿ ಇಟ್ಟ ಎತ್ತರ ಮುಂದಿನ ನೀರಿಗೆ ಸಾಲಲಿಲ್ಲ.

ನೆಲಮಾಳಿಗೆಯ ಆಸೆಯಿದ್ದರೆ ಈ ಲೆಕ್ಕ ಮಾಡಿನೋಡಿ. ಅಂತರ್ಜಲದ ಮಟ್ಟಕ್ಕಿಂತ 1 ಮೀಟರ್ ಕೆಳಗೆ ನೆಲವಿದ್ದರೆ ಪ್ರತಿ ಚದರ ಮೀಟರಿಗೆ 1 ಟನ್ ಬಲ ಕೆಳಗಿನಿಂದ ಎತ್ತುತ್ತದೆ. 20 ಸೆಂ.ಮೀ. ದಪ್ಪದ ಕಾಂಕ್ರೀಟ್ ಸ್ಲ್ಯಾಬ್‌ನ ತೂಕ ಅರ್ಧ ಟನ್ ಮಾತ್ರ. ಉಳಿದ ಅರ್ಧ ಟನ್ನನ್ನು ಮೇಲಿನ ಕಟ್ಟಡ ಒತ್ತಿ ಹಿಡಿಯಬೇಕು, ಇಲ್ಲದಿದ್ದರೆ ನೆಲ ದೋಣಿಯಂತೆ ಮೇಲೇಳಲು ನೋಡುತ್ತದೆ. ಕೆಳ ಅಂತಸ್ತಿನ ನೆಲವನ್ನು ಮಳೆಗಾಲದ ಅಂತರ್ಜಲಕ್ಕಿಂತ ಮೇಲಿಡುವುದೇ ಸರಿ.

ಕಡಿಯುವುದು ಕಡಿಮೆಯಾಗಲಿ

ಮನೆಯ ಉದ್ದವನ್ನು ಕಾಂಟೂರ್ ರೇಖೆಗಳ ಜೊತೆ ಸಾಗಿಸಿ, ಆಳವನ್ನು ಕಿರಿದಾಗಿಸಿ. 1:5 ಇಳಿಜಾರಿನಲ್ಲಿ 10 ಮೀಟರ್ ಆಳದ ಮನೆಯ ಹಿಂದು ಮುಂದಿಗೆ 2 ಮೀಟರ್ ವ್ಯತ್ಯಾಸ. ಆಳವನ್ನು 6 ಮೀಟರಿಗೆ ಇಳಿಸಿದರೆ 1.2 ಮೀಟರ್ ಮಾತ್ರ. ಕಿರಿದಾದ ಉದ್ದ ಮನೆಗೆ ಇನ್ನೂ ಒಂದು ಲಾಭವಿದೆ: ಪ್ರತಿ ಕೋಣೆಗೂ ಕೆರೆಯ ಮುಖ ಸಿಗುತ್ತದೆ, ಎದುರುಬದುರು ಗಾಳಿಯಾಡುತ್ತದೆ.

ಮಣ್ಣಿನ ಪ್ರಮಾಣ ನೋಡಿ. 10×10 ಮೀಟರ್ ಜಾಗವನ್ನು 1:5 ಇಳಿಜಾರಿನಲ್ಲಿ ಪೂರ್ತಿ ಕಡಿದು ಸಮಮಾಡಿದರೆ 100 ಘನ ಮೀಟರ್ ಮಣ್ಣು ಏಳುತ್ತದೆ. ಅಗೆದ ಮಣ್ಣು ಸಡಿಲಗೊಂಡು ಸುಮಾರು ಕಾಲುಪಾಲು ಉಬ್ಬುವುದರಿಂದ ಸಾಗಿಸಬೇಕಾದದ್ದು 125 ಘನ ಮೀಟರ್. ಅರ್ಧ ಕಡಿದು ಅದೇ ಮಣ್ಣನ್ನು ಮುಂದಕ್ಕೆ ತುಂಬಿದರೆ ಕಡಿತ ಬರೀ 25 ಘನ ಮೀಟರ್, ಹೊರಗೆ ಸಾಗಿಸುವುದು ಹೆಚ್ಚುಕಡಿಮೆ ಏನೂ ಇಲ್ಲ. ಈ ಉಳಿತಾಯ ಕಂಡು ಅನೇಕರು ಮನೆಯ ಹಿಂದಿನ ಅರ್ಧವನ್ನು ಮೂಲ ನೆಲದ ಮೇಲೂ ಮುಂದಿನ ಅರ್ಧವನ್ನು ತುಂಬಿದ ಮಣ್ಣಿನ ಮೇಲೂ ಕೂರಿಸುತ್ತಾರೆ. ತುಂಬಿದ ಮಣ್ಣು ವರ್ಷಗಟ್ಟಲೆ ಇಳಿಯುತ್ತಲೇ ಇರುತ್ತದೆ, ಮೂಲ ನೆಲ ಇಳಿಯುವುದಿಲ್ಲ. ಮನೆ ನಡುವೆ ಸೀಳುತ್ತದೆ. ತುಂಬಿದ ಮಣ್ಣಿನ ಮೇಲೆ ಅಂಗಳ, ಕಾಲುದಾರಿ ಇರಬಹುದು. ಮನೆಯ ಪ್ರತಿಯೊಂದು ಫುಟಿಂಗ್ (ಕಂಬ ಅಥವಾ ಗೋಡೆ ಕೂರುವ ಪಾಯದ ಅಗಲ ಪಾದ) ಮಾತ್ರ ಅದನ್ನು ದಾಟಿ ಮೂಲ ನೆಲಕ್ಕೆ ಇಳಿಯಲೇಬೇಕು.

ರಸ್ತೆ ಮೇಲ್ಗಡೆಯಿದ್ದು ಕೆರೆ ಕೆಳಗಿದ್ದರೆ ಮೇಲಿನ ಅಂತಸ್ತಿನಲ್ಲಿ ಪ್ರವೇಶ, ಹಜಾರ, ಅಡುಗೆಮನೆ. ಕೆಳಗೆ ಮಲಗುವ ಕೋಣೆಗಳು. ರಿಚರ್ಡ್ ಮಾಯರ್ ವಿನ್ಯಾಸದ ಡಗ್ಲಸ್ ಹೌಸ್ (1973) ಮಿಶಿಗನ್ ಸರೋವರದ ಕಡಿದಾದ ದಂಡೆಯಲ್ಲಿ ಹೀಗೇ ನಿಂತಿದೆ. ರಸ್ತೆಯಿಂದ ಪುಟ್ಟ ಸೇತುವೆ ದಾಟಿ ಮನೆಯ ನೆತ್ತಿಯಲ್ಲಿ ಒಳಹೊಕ್ಕು ಕೆಳಗಿಳಿಯುತ್ತಾ ಹೋಗಬೇಕು. ದಿಬ್ಬದ ಕಡೆಯ ಗೋಡೆ ಬಹುಪಾಲು ಮುಚ್ಚಿದೆ, ಕೆರೆಯ ಕಡೆ ಎತ್ತರದ ಗಾಜು. ಸೇತುವೆಯ ಉಪಾಯ ಸಣ್ಣ ಮನೆಗೂ ಒಪ್ಪುತ್ತದೆ, ಏಕೆಂದರೆ ಅದು ಮನೆಯನ್ನು ದಿಬ್ಬದಿಂದ ಬಿಡಿಸಿ ನಿಲ್ಲಿಸುತ್ತದೆ. ಒಂದು ಮಾತು ನೆನಪಿರಲಿ: ಪ್ರವೇಶದ ಮಟ್ಟದಲ್ಲೇ ಒಂದು ಮಲಗುವ ಕೋಣೆ, ಒಂದು ಸ್ನಾನದ ಮನೆ ಇರಲಿ. ಮೊಣಕಾಲು ನೋಯುವ ದಿನ ಎಲ್ಲರಿಗೂ ಬರುತ್ತದೆ.

ಸ್ಪ್ಲಿಟ್ ಲೆವೆಲ್‌ನಲ್ಲಿ ಅರ್ಧ ಅಂತಸ್ತಿನ ವ್ಯತ್ಯಾಸ 1.5 ಮೀಟರ್ ಇಟ್ಟರೆ 167 ಮಿ.ಮೀ. ಎತ್ತರದ 9 ಮೆಟ್ಟಿಲು ಸಾಕು. ಪಾದ ಇಡುವ ಅಗಲ 280 ಮಿ.ಮೀ. ಒಂದೆರಡು ಮೆಟ್ಟಿಲಿನ ಸಣ್ಣಪುಟ್ಟ ಏರುಪೇರನ್ನು ಎಲ್ಲೂ ಮಾಡಬೇಡಿ. ಕಣ್ಣಿಗೆ ಬೀಳದೆ ಕಾಲಿಗೆ ಸಿಗುವುದು ಅಂಥವೇ. ಕಾರಿನ ದಾರಿ 1:8 ಇದ್ದರೆ ಹಿತ, 1:5 ಕೊನೆಯ ಮಿತಿ. ಕಡಿದಾದ ದಾರಿಯ ಎರಡೂ ತುದಿಗಳಲ್ಲಿ 2–2.5 ಮೀಟರ್ ಉದ್ದಕ್ಕೆ ಅರ್ಧ ಇಳಿಜಾರು ಕೊಡಿ, ಇಲ್ಲದಿದ್ದರೆ ಕಾರಿನ ತಳ ಉಜ್ಜುತ್ತದೆ. ಗ್ಯಾರೇಜಿನ ಬಾಗಿಲಿಗೆ ಮುಂಚೆ ಅಡ್ಡಲಾಗಿ ಜಾಲರಿ ಮುಚ್ಚಿದ ಚರಂಡಿ ಬೇಕೇ ಬೇಕು, ದಾರಿಯೇ ಮಳೆಯಲ್ಲಿ ಕಾಲುವೆಯಾಗುತ್ತದೆ.

ಹಿಂಗೋಡೆ

3 ಮೀಟರ್ ಎತ್ತರದ ಗೋಡೆಯ ಹಿಂದೆ ಚೆನ್ನಾಗಿ ಬಸಿದ ಮರಳುಮಣ್ಣು ಇದ್ದರೆ ಪ್ರತಿ ಮೀಟರ್ ಉದ್ದಕ್ಕೆ ಸುಮಾರು 27 ಕಿಲೋನ್ಯೂಟನ್ ತಳ್ಳುವಿಕೆ, ಎಂದರೆ ಹೆಚ್ಚುಕಡಿಮೆ 2.7 ಟನ್ ತೂಕದಷ್ಟು. ಅದೇ ಮಣ್ಣು ಮೇಲಿನವರೆಗೆ ನೀರು ತುಂಬಿಕೊಂಡರೆ ನೀರೊಂದೇ 44 ಕಿಲೋನ್ಯೂಟನ್ ತಳ್ಳುತ್ತದೆ, ನೀರಲ್ಲಿ ಹಗುರಾದ ಮಣ್ಣು ಇನ್ನೊಂದು 15, ಒಟ್ಟು 59. ಎರಡು ಪಟ್ಟಿಗಿಂತ ಹೆಚ್ಚು! ಹಿಂದಿನ ನೀರು ಬಸಿಯುವ ಕೊಳವೆ ಮುಚ್ಚಿಹೋದ ಗೋಡೆ ಹಲವು ಮಳೆಗಾಲ ತಾಳಿ ಒಂದು ರಾತ್ರಿ ಬಾಗುವುದಕ್ಕೆ ಈ ಲೆಕ್ಕವೇ ಕಾರಣ. ಗೋಡೆಗೆ ಉಕ್ಕು ಹೆಚ್ಚಿಸುವ ಖರ್ಚಿಗಿಂತ ನೀರು ಬಸಿಯುವ ಖರ್ಚು ಬಹಳ ಕಡಿಮೆ.

ಜಾಗವಿದ್ದರೆ ತಡೆಗೋಡೆಯನ್ನೂ ಮನೆಯ ಗೋಡೆಯನ್ನೂ ಬೇರೆ ಬೇರೆ ಮಾಡಿ, ನಡುವೆ 1–1.2 ಮೀಟರ್ ಅಗಲದ ತೆರೆದ ಓಣಿ ಬಿಡಿ. ಮಣ್ಣನ್ನು ತಡೆಗೋಡೆ ಹೊರುತ್ತದೆ, ಮನೆಯ ಗೋಡೆ ಒಣಗಿರುತ್ತದೆ, ಹಿಂದಿನ ಕೋಣೆಗೆ ಬೆಳಕು ಮತ್ತು ಗಾಳಿ ಬರುತ್ತದೆ, ಒಸರು ಕಂಡರೆ ಕೈಗೆಟುಕುತ್ತದೆ. ಓಣಿಯ ನೆಲ ಒಳನೆಲಕ್ಕಿಂತ 15–20 ಸೆಂ.ಮೀ. ಕೆಳಗಿದ್ದು 1:100 ಇಳಿಜಾರಿನಲ್ಲಿ ಎರಡೂ ಪಕ್ಕಕ್ಕೆ ಹರಿಯಲಿ. ಬಿಡಿ ತಡೆಗೋಡೆಯ ಪಾದದ ಅಗಲ ಗೋಡೆಯ ಎತ್ತರದ 0.5–0.7 ಪಟ್ಟು; 75–100 ಮಿ.ಮೀ. ವ್ಯಾಸದ ಬಸಿಗಿಂಡಿಗಳು 1.5–2 ಮೀಟರಿಗೊಂದು. ಎರಡು ಗೋಡೆಯ ಖರ್ಚು ಎಂದು ಇದನ್ನು ಬಿಡುವವರುಂಟು. ಹತ್ತು ವರ್ಷ ಕಳೆದ ಮೇಲೆ ಮಣ್ಣು ತೆಗೆದು ಹೊರಗಿನಿಂದ ಜಲನಿರೋಧಕ ಹಚ್ಚುವ ಕೆಲಸಕ್ಕೆ ಹೋಲಿಸಿ ನೋಡಿ, ಆಗ ತೀರ್ಮಾನ ಮಾಡಿ.

ಜಾಗವಿಲ್ಲದೆ ಮನೆಯ ಗೋಡೆಯೇ ಮಣ್ಣು ಹೊರಬೇಕಾದರೆ ಕೆಲಸ ಹೀಗೆ ಸಾಗಬೇಕು:

1. ಪಾದದ ಕಾಂಕ್ರೀಟ್ ಮತ್ತು ಗೋಡೆ ಸೇರುವ ಜೋಡಣೆಯಲ್ಲಿ ನೀರು ದಾಟದಂತೆ ತಡೆಯುವ ವಾಟರ್‌ಸ್ಟಾಪ್ ಪಟ್ಟಿ. ಸೋರಿಕೆ ಶುರುವಾಗುವ ಮೊದಲ ಜಾಗ ಇದು.
2. ಹೊರಮೈಯ ಆ ಮೂಲೆಗೆ 50×50 ಮಿ.ಮೀ. ಗಾರೆಯ ಓರೆ. ಚೂಪು ಮೂಲೆಯಲ್ಲಿ ಮುಂದೆ ಹಚ್ಚುವ ಜಲನಿರೋಧಕ ಪೊರೆ ಸೀಳುತ್ತದೆ.
3. ಜಲನಿರೋಧಕ ಪೊರೆ ಹೊರಮೈಗೆ, ಪಾದದ ಅಂಚಿನವರೆಗೂ. ಒಳಮೈಗೆ ಹಚ್ಚಿದ್ದನ್ನು ನೀರಿನ ಒತ್ತಡ ಕಿತ್ತುಹಾಕುತ್ತದೆ.
4. ಅದರ ಮೇಲೆ ಗುಬುಟುಗಳಿರುವ ಬಸಿಹಾಳೆ. ಪೊರೆಗೆ ಕಲ್ಲು ತಾಗದಂತೆ ಕಾಯುತ್ತದೆ, ನೀರನ್ನು ಕೆಳಗಿಳಿಸುತ್ತದೆ.
5. ಪಾದದ ಪಕ್ಕದಲ್ಲಿ 100 ಮಿ.ಮೀ. ತೂತಿನ ಪೈಪು, ತೂತು ಕೆಳಮುಖ, ಇಳಿಜಾರು 1:100. ಪೈಪಿನ ಅತ್ಯಂತ ಎತ್ತರದ ಬಿಂದುವೂ ಒಳನೆಲದ ಸ್ಲ್ಯಾಬ್‌ನ ತಳಕ್ಕಿಂತ ಕೆಳಗಿರಬೇಕು.
6. ಪೈಪಿನ ಸುತ್ತ, ಗೋಡೆಯ ಉದ್ದಕ್ಕೂ 30 ಸೆಂ.ಮೀ. ಅಗಲಕ್ಕೆ 20 ಮಿ.ಮೀ. ತೊಳೆದ ಜಲ್ಲಿ, ಇಡೀ ಜಲ್ಲಿಗೆ ನೀರು ಬಿಟ್ಟು ಮಣ್ಣು ತಡೆಯುವ ಜಿಯೋಟೆಕ್ಸ್‌ಟೈಲ್ ಬಟ್ಟೆಯ ಸುತ್ತು. ಬಟ್ಟೆಯಿಲ್ಲದಿದ್ದರೆ ಕೆಲವೇ ವರ್ಷಗಳಲ್ಲಿ ಜಲ್ಲಿಯ ಸಂದಿಗೆಲ್ಲ ಹೂಳು ತುಂಬುತ್ತದೆ.
7. ಪ್ರತಿ ಮೂಲೆಯಲ್ಲೂ ನೆಲದವರೆಗೆ ಬರುವ ತಪಾಸಣೆ ಕೊಳವೆ. ಕಟ್ಟಿಕೊಂಡಾಗ ಸರಳು ತೂರಿಸಿ ತೊಳೆಯಲು ಬೇರೆ ದಾರಿಯಿಲ್ಲ.
8. ಮೇಲಿನ 30 ಸೆಂ.ಮೀ. ಜೇಡಿಮಣ್ಣಿನ ಮುಚ್ಚಳ, ಮನೆಯಿಂದ ಆಚೆಗೆ 2–3 ಮೀಟರ್ 1:20 ಇಳಿಜಾರು.

ಮಣ್ಣು ತುಂಬುವ ಹೊತ್ತಿಗೆ ಆಗುವ ತಪ್ಪು ಎಲ್ಲಕ್ಕಿಂತ ದುಬಾರಿ. ಮೇಲಿನ ಸ್ಲ್ಯಾಬ್ ಗೋಡೆಯ ನೆತ್ತಿಯನ್ನು ಹಿಡಿಯುತ್ತದೆ ಎಂಬ ಲೆಕ್ಕದ ಮೇಲೆ ಗೋಡೆ ವಿನ್ಯಾಸವಾಗಿರುತ್ತದೆ; ಯಂತ್ರ ಬಾಡಿಗೆಗೆ ಬಂದಿದೆ ಎಂದು ಸ್ಲ್ಯಾಬ್ ಹಾಕುವ ಮುಂಚೆಯೇ ಮಣ್ಣು ದೂಡುತ್ತಾರೆ. ಸ್ಲ್ಯಾಬ್ ಗಟ್ಟಿಯಾಗುವವರೆಗೆ, ಗೋಡೆಗೆ 28 ದಿನ ತುಂಬುವವರೆಗೆ ಕಾಯಿರಿ. 20 ಸೆಂ.ಮೀ. ಪದರಗಳಲ್ಲಿ ತುಂಬಿ, ಗೋಡೆಯಿಂದ 1 ಮೀಟರ್ ಒಳಗೆ ಕೈಯಲ್ಲಿ ಹಿಡಿಯುವ ಯಂತ್ರದಿಂದ ಮಾತ್ರ ದಮ್ಮಸು ಮಾಡಿ.

ಗೋಡೆಗೆ ನೀರು ಬರುವ ಮುಂಚೆಯೇ ಅದನ್ನು ತಿರುಗಿಸುವ ಕಾಲುವೆ ದಿಬ್ಬದ ಮೇಲ್ಗಡೆ, ಕಡಿತದ ಅಂಚಿನಿಂದ 3 ಮೀಟರ್ ಆಚೆ ಇರಲಿ. ಮೇಲೆ 2,000 ಚದರ ಮೀಟರ್ ಹುಲ್ಲುನೆಲವಿದ್ದು ಗಂಟೆಗೆ 100 ಮಿ.ಮೀ. ಮಳೆ ಸುರಿದರೆ, ಅದರಲ್ಲಿ ಶೇ. 40 ಹರಿದು ಬಂದರೂ ಸೆಕೆಂಡಿಗೆ 22 ಲೀಟರ್. 30–45 ಸೆಂ.ಮೀ. ಆಳದ ತಟ್ಟೆಯಾಕಾರದ ಕಾಲುವೆ, 1:100 ಇಳಿಜಾರು ಇದಕ್ಕೆ ಧಾರಾಳ. ಇಳಿಜಾರು 1:20 ದಾಟುವಲ್ಲಿ ಕಲ್ಲು ಹಾಸಿ. ಹೊರಬೀಳುವಲ್ಲಿ ಮುಷ್ಟಿಗಾತ್ರದ ಕಲ್ಲುಗಳ ಹಾಸು ಇಲ್ಲದಿದ್ದರೆ ಅಲ್ಲೇ ಹೊಸ ಕೊರಕಲು ಹುಟ್ಟುತ್ತದೆ. ಸೂರಿನ ನೀರನ್ನು ಗೋಡೆಯ ಬುಡದ ಬಸಿಗೊಳವೆಗೆ ಯಾವ ಕಾರಣಕ್ಕೂ ಸೇರಿಸಬೇಡಿ. 200 ಚದರ ಮೀಟರ್ ಸೂರಿನಿಂದ ಅದೇ ಮಳೆಗೆ ಸೆಕೆಂಡಿಗೆ 5.6 ಲೀಟರ್ ಬರುತ್ತದೆ. ತೂತಿನ ಪೈಪಿಗೆ ಬಿಟ್ಟರೆ ಅದು ಗೋಡೆಯ ಬುಡಕ್ಕೆ ನೀರುಣಿಸುತ್ತದೆ.

ಕಂಬ, ಪಾಯ, ಚಾಚು

ಇಳಿಜಾರಿನಲ್ಲಿ ಫುಟಿಂಗ್‌ಗಳು ಮೆಟ್ಟಿಲಿನಂತೆ ಇಳಿಯುತ್ತವೆ. ಮೇಲಿನ ಫುಟಿಂಗ್‌ನ ತಳದಂಚಿನಿಂದ ಕೆಳಗಿನದರ ಅಂಚಿಗೆ ಎಳೆದ ಗೆರೆ 2 ಅಡ್ಡಕ್ಕೆ 1 ಇಳಿಕೆಗಿಂತ ಕಡಿದಾಗಬಾರದು. ಕಡಿದಾದರೆ ಮೇಲಿನದರ ಭಾರ ಕೆಳಗಿನದರ ಮೇಲೆ ಬೀಳುತ್ತದೆ. ಫುಟಿಂಗ್‌ನ ಹೊರ ಅಂಚಿಗೂ ಇಳಿಜಾರಿನ ಮೈಗೂ ಅಡ್ಡ ಅಳತೆಯಲ್ಲಿ ಮಣ್ಣಿನಲ್ಲಿ ಕನಿಷ್ಠ 90 ಸೆಂ.ಮೀ., ಬಂಡೆಯಲ್ಲಿ 60 ಸೆಂ.ಮೀ. ಉಳಿಯಲಿ. ಕಡಿದಾದ ದಂಡೆಯಿದ್ದರೆ ಅದರ ಎತ್ತರದ ಮೂರನೇ ಒಂದು ಪಾಲಿನಷ್ಟಾದರೂ ಹಿಂದೆ ಸರಿಯಿರಿ.

ಭೂಕಂಪ ಬರಬಹುದಾದ ಯಾವುದೇ ಜಾಗದಲ್ಲಿ ಗಿಡ್ಡ ಕಂಬದ ಸಮಸ್ಯೆ ಗೊತ್ತಿರಲೇಬೇಕು. ದಿಬ್ಬದ ಕಡೆಯ ಕಂಬ 1.5 ಮೀಟರ್, ಕೆರೆಯ ಕಡೆಯದು 3 ಮೀಟರ್ ಎಂದುಕೊಳ್ಳಿ. ಕಂಬದ ಬಿಗಿತ ಉದ್ದದ ಘನಕ್ಕೆ ವಿಲೋಮವಾದ್ದರಿಂದ ಗಿಡ್ಡ ಕಂಬ ಉದ್ದದ ಕಂಬಕ್ಕಿಂತ ಎಂಟು ಪಟ್ಟು ಬಿಗಿ. ನೆಲ ಅಡ್ಡಡ್ಡ ಅಲುಗಿದಾಗ ಬಲದ ದೊಡ್ಡ ಪಾಲನ್ನು ಅದೇ ಎಳೆದುಕೊಂಡು ಓರೆಯಾಗಿ ಸೀಳುತ್ತದೆ. ನೋಡುವವರಿಗೆ ಉದ್ದ ಕಂಬಗಳೇ ಅಪಾಯ ಅನ್ನಿಸುತ್ತವೆ, ಮುರಿಯುವುದು ಮಾತ್ರ ಗಿಡ್ಡದ್ದು. ಪರಿಹಾರ ಎರಡು. ಎರಡೂ ದಿಕ್ಕಿಗೆ ಕಾಂಕ್ರೀಟಿನ ಶಿಯರ್ ಗೋಡೆಗಳನ್ನಿಟ್ಟು ಅಡ್ಡಬಲವನ್ನು ಅವುಗಳಿಗೆ ಒಪ್ಪಿಸುವುದು ಒಂದು. ಮೇಲಿನ ಕಂಬವನ್ನು ದೊಡ್ಡ ವ್ಯಾಸದ ಕೊಳವೆಯೊಳಗೆ, ಮಣ್ಣು ತಾಗದಂತೆ, ಆಳಕ್ಕಿಳಿಸಿ ಉದ್ದ ಸಮಮಾಡುವುದು ಇನ್ನೊಂದು. ಎಲ್ಲ ಫುಟಿಂಗ್‌ಗಳನ್ನೂ ಎರಡೂ ದಿಕ್ಕಿಗೆ ಟೈ ಬೀಮ್‌ಗಳಿಂದ ಕಟ್ಟುವುದು ಯಾವ ಸಂದರ್ಭದಲ್ಲೂ ತಪ್ಪಬಾರದು.

ಕೆರೆಯ ಕಡೆಗೆ ಚಾಚಿದ ಸ್ಲ್ಯಾಬ್ ಚೆಂದ ನಿಜ. ಚಾಚು, ಅದೇ ಸ್ಲ್ಯಾಬ್ ಆಸರೆಯಿಂದ ಹಿಂದಕ್ಕೆ ಮನೆಯೊಳಗೆ ಸಾಗಿರುವ ಉದ್ದದ ಮೂರನೇ ಒಂದನ್ನು ದಾಟದಿರಲಿ. ಕಾಂಕ್ರೀಟ್ ಭಾರ ಹೊತ್ತು ವರ್ಷಗಳ ಕಾಲ ನಿಧಾನವಾಗಿ ಬಾಗುತ್ತದೆ. ಕೊನೆಗೆ ಆಗುವ ಬಾಗು ಮೊದಲ ದಿನದ್ದಕ್ಕಿಂತ ಎರಡು ಮೂರು ಪಟ್ಟು. ಅಮೆರಿಕದ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್‌ರ ಫಾಲಿಂಗ್‌ವಾಟರ್ ಮನೆಯ ಚಾಚುಗಳು ಸುಮಾರು 4.5 ಮೀಟರಿಗೆ 18 ಸೆಂ.ಮೀ.ನಷ್ಟು ಇಳಿದು, 2002ರಲ್ಲಿ ಒಳಗೆ ಉಕ್ಕಿನ ಕೇಬಲ್ ಹಾಯಿಸಿ ಬಿಗಿಯಬೇಕಾಯಿತು. ಚಾಚಿನ ತುದಿಯಲ್ಲಿ ಜಾರುಬಾಗಿಲು ಇಡುವುದಾದರೆ ಅದರ ಮೇಲ್ಚೌಕಟ್ಟಿನಲ್ಲಿ 15–20 ಮಿ.ಮೀ. ಸಂದು ಬಿಡಿ, ಇಲ್ಲದಿದ್ದರೆ ಎರಡನೇ ವರ್ಷ ಬಾಗಿಲು ಸಿಕ್ಕಿಕೊಳ್ಳುತ್ತದೆ. ಮರದ ಜಗಲಿಯಾದರೆ ಅದಕ್ಕೆ ತನ್ನದೇ ಕಂಬಗಳಿರಲಿ. ಮನೆಯ ಗೋಡೆಗೆ ಬೋಲ್ಟು ಹೊಡೆದಷ್ಟೂ ನೀರಿಗೆ ತೂತು ಕೊಟ್ಟಂತೆ. ಕಂಬದ ಬುಡ ನೆಲದಿಂದ 15 ಸೆಂ.ಮೀ. ಮೇಲೆ ಕಲಾಯಿ ಮಾಡಿದ ಉಕ್ಕಿನ ಪಾದದ ಮೇಲೆ ನಿಲ್ಲಲಿ, ಹಲಗೆಗಳ ನಡುವೆ 5–6 ಮಿ.ಮೀ. ಬಿಡಿ.

ಗಾಜು ಮತ್ತು ನೀರಿನ ಹೊಳಪು

ಸಜ್ಜಾ ಮೇಲಿನ ಬಿಸಿಲನ್ನು ತಡೆಯುತ್ತದೆ. ಕೆರೆಯ ಬಿಸಿಲು ಕೆಳಗಿನಿಂದಲೂ ಬರುತ್ತದೆ. ಸೂರ್ಯ ನೆತ್ತಿಯ ಮೇಲಿದ್ದಾಗ ನೀರು ಶೇ. 2ರಷ್ಟು ಬೆಳಕನ್ನು ಮಾತ್ರ ಪ್ರತಿಫಲಿಸುತ್ತದೆ. ಸೂರ್ಯ ದಿಗಂತದಿಂದ 10 ಡಿಗ್ರಿಗೆ ಇಳಿದಾಗ ಸುಮಾರು ಶೇ. 35, 5 ಡಿಗ್ರಿಯಲ್ಲಿ ಶೇ. 60ರ ಹತ್ತಿರ. ಪಶ್ಚಿಮಕ್ಕೆ ಕೆರೆಯಿದ್ದರೆ ಸಂಜೆಯ ಹೊತ್ತಿಗೆ ಎರಡು ಸೂರ್ಯರ ಎದುರು ಕೂತಂತೆ.

ಇದಕ್ಕೆ ಜ್ಯಾಮಿತಿಯಲ್ಲೇ ಉತ್ತರವಿದೆ. ಕುಳಿತವರ ಕಣ್ಣು ನೀರಿಗಿಂತ 8 ಮೀಟರ್ ಮೇಲಿದ್ದರೆ, 10 ಡಿಗ್ರಿಯ ಸೂರ್ಯನ ಹೊಳಪು ಕಾಣುವುದು 45 ಮೀಟರ್ ದೂರದ ನೀರಿನ ಮೇಲೆ. ಕಣ್ಣು ನೆಲದಿಂದ 1.2 ಮೀಟರ್ ಎತ್ತರದಲ್ಲಿದ್ದು, 3 ಮೀಟರ್ ಮುಂದೆ ಬಾಲ್ಕನಿಯ ಅಂಚಿನಲ್ಲಿ 70 ಸೆಂ.ಮೀ. ಎತ್ತರದ ಗಟ್ಟಿ ಕಟ್ಟೆಯೋ ಗಿಡದ ತೊಟ್ಟಿಯೋ ಇದ್ದರೆ ಆ ಹೊಳಪು ಮರೆಯಾಗುತ್ತದೆ, ದೂರದ ಕೆರೆ ಪೂರ್ತಿ ಉಳಿಯುತ್ತದೆ. ಕಟ್ಟೆಯ ಮೇಲೆ ಕಂಬಿ ಹಾಕಿ ಒಟ್ಟು 1.1 ಮೀಟರ್ ಮಾಡಿ; ಮಕ್ಕಳು ಹತ್ತದಂತೆ ಕಟ್ಟೆಯ ಒಳಬದಿ ನುಣುಪಾಗಿ, ನೆತ್ತಿ ಓರೆಯಾಗಿ ಇರಲಿ, ಕಂಬಿಗಳು ನೆಟ್ಟಗಿದ್ದು ನಡುವಿನ ಸಂದು 10 ಸೆಂ.ಮೀ. ಮೀರದಿರಲಿ. ಸೂರ್ಯ ಇನ್ನೂ ಕೆಳಗಿಳಿದ ಮೇಲೆ ಹೊಳಪು ಕಟ್ಟೆಯ ಮೇಲಿಂದ ಹಾಯುತ್ತದೆ, ಆ ಅರ್ಧ ಗಂಟೆಗೆ ಹೊರಗಡೆಯ ಪಟ್ಟಿಪರದೆ ಬೇಕು. ಒಳಗಿನ ಪರದೆ ಕಣ್ಣನ್ನು ಕಾಯುತ್ತದೆ, ಸೆಕೆಯನ್ನು ತಡೆಯುವುದಿಲ್ಲ. ನೀರಿನಿಂದ ಪುಟಿದ ಬೆಳಕು ಚಾವಣಿಗೂ ಬಡಿಯುವುದರಿಂದ ಅದಕ್ಕೆ ಹೊಳಪಿಲ್ಲದ ಬಣ್ಣ ಬಳಿಯಿರಿ.

ತೆರೆದ ನೀರಿನ ಮೇಲೆ ಗಾಳಿಗೆ ಅಡೆತಡೆಯಿಲ್ಲ, ಇಳಿಜಾರು ಹತ್ತುವಾಗ ಅದರ ವೇಗ ಇನ್ನೂ ಏರುತ್ತದೆ. ಮಳೆ ಅಡ್ಡಕ್ಕೆ, ಕೆಲವೊಮ್ಮೆ ಕೆಳಗಿನಿಂದ ಮೇಲಕ್ಕೂ ಬಡಿಯುತ್ತದೆ. ಜಾರುಬಾಗಿಲಿನ ಹಳಿಗೆ ಹೊರಕ್ಕೆ ಬಸಿಯುವ ಚರಂಡಿ, ಹೊರಗಿನ ನೆಲ ಒಳಗಿನದಕ್ಕಿಂತ ಕನಿಷ್ಠ 5 ಸೆಂ.ಮೀ. ಕೆಳಗೆ, ಮೇಲೆ 1.2 ಮೀಟರ್ ಸೂರು. ಗಾಜಿನ ದಪ್ಪವನ್ನು ತೆರೆದ ನೀರಿನ ದಂಡೆಯ ಗಾಳಿಯ ಒತ್ತಡಕ್ಕೆ ಲೆಕ್ಕ ಹಾಕಿಸಿ. ಕೆಳಗೆ ಆಳವಿರುವ ಕಡೆ ಲ್ಯಾಮಿನೇಟೆಡ್ ಗಾಜೇ ಇರಲಿ, ಒಡೆದರೂ ಜಾಗ ಬಿಟ್ಟು ಬೀಳುವುದಿಲ್ಲ. ಹಗಲು ಗಾಳಿ ಕೆರೆಯಿಂದ ದಡಕ್ಕೆ, ರಾತ್ರಿ ದಿಬ್ಬದಿಂದ ಕೆರೆಗೆ ಬೀಸುವುದು ಸಾಮಾನ್ಯ. ಕೆರೆಯ ಕಡೆ ಕೆಳಗೆ, ದಿಬ್ಬದ ಕಡೆ ಮೇಲೆ ತೆರೆಯುವ ಕಿಟಕಿಗಳಿದ್ದರೆ ಮನೆ ತಾನಾಗಿ ಉಸಿರಾಡುತ್ತದೆ.

ಕೊಳಚೆ ಮತ್ತು ದಡ

ಸೆಪ್ಟಿಕ್ ಟ್ಯಾಂಕಿನ ಇಂಗುಗುಂಡಿಯನ್ನು ಮನೆಗೂ ಕೆರೆಗೂ ನಡುವೆ ಇಡುವುದು ಸುಲಭ, ಕೊಳವೆ ತಾನಾಗಿ ಇಳಿಯುತ್ತದೆ. ಕೆರೆಯನ್ನು ಕೊಲ್ಲುವುದೂ ಅದೇ: ರಂಜಕ ನೀರಿಗಿಳಿದು ಪಾಚಿ ಬೆಳೆಯುತ್ತದೆ. ಕೊಳಚೆ ನೀರನ್ನು ಮಣ್ಣಿಗಿಳಿಸುವ ಇಂಗುಕಾಲುವೆಗಳು ಕೆರೆಯ ನೀರಿನಿಂದ ಕನಿಷ್ಠ 30 ಮೀಟರ್ ದೂರದಲ್ಲಿ, ಕಾಂಟೂರ್ ಜೊತೆಗೆ, ಮಳೆಗಾಲದ ಅಂತರ್ಜಲಕ್ಕಿಂತ 1–1.2 ಮೀಟರ್ ಮೇಲಿರಬೇಕು. ಅಷ್ಟು ಜಾಗ ರಸ್ತೆಯ ಕಡೆ ಮಾತ್ರ ಇದ್ದರೆ ಪಂಪ್ ಮಾಡಿ ಮೇಲೆ ಕಳಿಸಿ. ಆದರೆ ಅಲ್ಲಿ ಇಂಗಿದ ನೀರು ಹಿಂಗೋಡೆಯತ್ತ ಬರದಂತೆ ಒಂದು ಪಕ್ಕಕ್ಕೆ ಸರಿಸಿ ಇಡಿ. ಪಂಪಿನ ಗುಂಡಿ ಕರೆಂಟ್ ಹೋದರೂ ಒಂದು ದಿನದ ಕೊಳಚೆ ಹಿಡಿಯುವಷ್ಟು ದೊಡ್ಡದಿರಲಿ. ಹಿಮ್ಮುಖ ಹರಿವು ತಡೆಯುವ ವಾಲ್ವ್, ಮಟ್ಟ ಏರಿದರೆ ಕೂಗುವ ಅಲಾರಂ ಜೊತೆಗಿರಲಿ.

ದಡದ ಮರಗಳನ್ನು ನೋಟಕ್ಕೆಂದು ಕಡಿಯಬೇಡಿ. ಆ ಬೇರುಗಳೇ ದಡವನ್ನು ಹಿಡಿದಿರುವುದು. ಕೆಳಗೊಂಬೆಗಳನ್ನು ಸವರಿ ಕಾಂಡಗಳ ನಡುವಿನಿಂದ ಕೆರೆ ಕಾಣುವಂತೆ ಮಾಡಿ. ನೀರಿಗಿಳಿಯುವ ದಾರಿ ನೇರ ಬೇಡ, ಓರೆಯಾಗಿ ತಿರುತಿರುಗಿ ಇಳಿಯಲಿ; ನೇರ ದಾರಿ ಮಳೆಗೆ ಕಾಲುವೆ.

ಕಟ್ಟುವ ಕ್ರಮ

ಕೆಳಗಡೆ ಹೂಳು ತಡೆಯುವ ಬಟ್ಟೆಬೇಲಿ ಮೊದಲು, ಮೇಲ್ಗಡೆಯ ತಿರುಗುಕಾಲುವೆ ಎರಡನೆಯದು, ಅಗೆತ ಮೂರನೆಯದು. ಹಿಂಗೋಡೆಯ ಕಡಿತವನ್ನು ಮಳೆಗಾಲ ಮುಗಿದ ಕೂಡಲೇ ಶುರುಮಾಡಿ, ಮುಂದಿನ ಮಳೆಗೆ ಮುಂಚೆ ಗೋಡೆ, ಸ್ಲ್ಯಾಬ್, ಮಣ್ಣು ತುಂಬುವಿಕೆ ಮೂರೂ ಮುಗಿಯಬೇಕು. ಅಷ್ಟು ಸಮಯವಿಲ್ಲದಿದ್ದರೆ ಆ ವರ್ಷ ಕಡಿಯಲೇಬೇಡಿ. ಇಡೀ ಉದ್ದವನ್ನು ಒಮ್ಮೆಗೇ ಕಡಿಯದೆ 3–4 ಮೀಟರ್ ಅಗಲದ ಪಾಲುಗಳಲ್ಲಿ, ಒಂದು ಬಿಟ್ಟು ಒಂದರಂತೆ ಕಡಿದು ಕಟ್ಟುತ್ತಾ ಬಂದರೆ ದಿಬ್ಬಕ್ಕೆ ಒತ್ತಾಸೆ ಉಳಿದಿರುತ್ತದೆ. ಅಗೆದ ಮಣ್ಣನ್ನಾಗಲಿ ಇಟ್ಟಿಗೆಯ ರಾಶಿಯನ್ನಾಗಲಿ ಕಡಿತದ ಅಂಚಿನಿಂದ ಕಡಿತದ ಆಳದಷ್ಟಾದರೂ ದೂರವಿಡಿ. ಕಾಂಕ್ರೀಟ್ ಪಂಪು ಎಲ್ಲಿ ನಿಲ್ಲುತ್ತದೆ, ಅದರ ಕೊಳವೆ ಕೆಳಗಿನ ಫುಟಿಂಗ್‌ವರೆಗೆ ಎಟುಕುತ್ತದೆಯೇ ಎಂದು ನಕ್ಷೆಯ ಹಂತದಲ್ಲೇ ಅಳೆದುಕೊಳ್ಳಿ.

ಮೊದಲ ದೊಡ್ಡ ಮಳೆ ನಿಂತ ಮೇಲೆ ಬಸಿಗೊಳವೆಯ ಬಾಯಿಯನ್ನು ಹೋಗಿ ನೋಡಿ. ತಿಳಿನೀರು ಹರಿಯುತ್ತಿದ್ದರೆ ಎಲ್ಲ ಸರಿಯಿದೆ. ಕೆಂಪು ನೀರು ಬರುತ್ತಿದ್ದರೆ ಬಟ್ಟೆಯ ಸುತ್ತು ಎಲ್ಲೋ ಬಿಟ್ಟಿದೆ, ಮಣ್ಣು ಕೊಚ್ಚಿ ಬರುತ್ತಿದೆ. ದಿಬ್ಬ ತೊಯ್ದು ತೊಟ್ಟಿಕ್ಕುತ್ತಿದ್ದರೂ ಕೊಳವೆ ಒಣಗಿದ್ದರೆ ನೀರು ಗೋಡೆಯ ಹಿಂದೆ ನಿಂತಿರಬಹುದು. ತಪಾಸಣೆ ಕೊಳವೆಯ ಮುಚ್ಚಳ ತೆಗೆದು ಮಟ್ಟ ಅಳೆಯಿರಿ, ಅದೇ ದಿನ ತೊಳೆಸಿ.